ತಲೆಕೆಳಗಾದ ಅಕ್ಷರ

1940 ಜೂನ್ 12

ಪೆಟ್ಟಿಗೆ ಹಡಗಿನಲ್ಲೇ ಉಳಿಯಿತು. ಗಂಡನನ್ನೂ ಹಿಡಿದುಕೊಂಡು ಹೋದರು. ಆದರೆ ಗಂಡ ಇನ್ನೂ ಕೈಗೇ ಬಂದಿರಲಿಲ್ಲ, ಪೆಟ್ಟಿಗೆ ನನ್ನದಾಗಿತ್ತು. ಹಾಗಾಗಿ ಮೊದಲ ಅಳು ಪೆಟ್ಟಿಗೆಗೆ.

ಸೋಮವಾರ ಸಂಜೆ ನಮ್ಮ 'ಎಲೆನೋರಾ' ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿಗೆ ಬಂತು. ಬೆಳಿಗ್ಗೆ ಇಳಿಸುತ್ತೇವೆ ಅಂದರು. ಬೆಳಗಾಗುವಷ್ಟರಲ್ಲಿ ನಮ್ಮ ಇಟಲಿ ಯುದ್ಧಕ್ಕೆ ಧುಮುಕಿತ್ತು, ಇಲ್ಲಿಯವರಿಗೆ ನಾವು ಶತ್ರುಗಳಾಗಿದ್ದೆವು. ಬಂದೂಕು ಹಿಡಿದವರು ಏಣಿ ಹತ್ತಿ ಬಂದರು. ಕಪ್ತಾನ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಅಡುಗೆಯವರು ಹಿಟ್ಟಿನ ಕೈಯಲ್ಲೇ ಸಾಲಾಗಿ ನಿಂತರು. ಹೆಂಗಸರು ಕೈಚೀಲ ಹಿಡಿದು ಇಳಿಯಬಹುದು, ಹಡಗಿನ ಹೊಟ್ಟೆಯಲ್ಲಿರುವ ಸಾಮಾನು ಮಾತ್ರ ಅಲುಗಾಡುವ ಹಾಗಿಲ್ಲ ಅಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ ಇರಬೇಕು.

ಕಟ್ಟೆಯ ಮೇಲೆ ಸವೇರಿಯೋ ನಿಂತಿದ್ದ. ಫೋಟೋದಲ್ಲಿರುವುದಕ್ಕಿಂತ ಗಿಡ್ಡ. ಭಾನುವಾರದ ಕೋಟು, ಕೈಯಲ್ಲಿ ಕಿತ್ತಳೆ ತುಂಬಿದ ಕಾಗದದ ಚೀಲ, ಎರಡೂ ಕಡೆ ಪೊಲೀಸರು. ಊರಲ್ಲಿ, ಮೊಲ್ಫೆತ್ತಾದ ಚರ್ಚಿನಲ್ಲಿ, ನನ್ನ ಚಿಕ್ಕಪ್ಪ ವೀತೋ ಅವನ ಬದಲಿಗೆ ನಿಂತು, ಬಿಕ್ಕಳಿಸುತ್ತ, ನನಗೆ ಉಂಗುರ ತೊಡಿಸಿದ್ದ. ಬದಲಿ ವರನ ಮದುವೆ. ಸಮುದ್ರದಾಚೆ ದುಡಿಯುವ ಗಂಡಸರಿಗೆ ನಮ್ಮಲ್ಲಿ ಹೀಗೆಯೇ ಹೆಣ್ಣು ಕೊಡುತ್ತಾರೆ. ನಿಜವಾದ ಗಂಡನನ್ನು ನಾನು ಕಂಡದ್ದು ನಿನ್ನೆ, ಅದೂ ಮೂರು ಉಸಿರಿನಷ್ಟು ಹೊತ್ತು. ಅವನು ಪೊಲೀಸರ ಭುಜದ ಮೇಲಿಂದ ಕತ್ತು ಚಾಚಿ ಕೂಗಿದ:

"ಊಟ ಮಾಡಿದ್ಯಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವನನ್ನು ಲಾರಿ ಹತ್ತಿಸಿದರು. ಕಿತ್ತಳೆ ಉರುಳಿ ಚೆಲ್ಲಾಪಿಲ್ಲಿಯಾದವು. ಕರಿ ಬಟ್ಟೆ ಉಟ್ಟ ಮುದುಕಿಯೊಬ್ಬಳು ಅವನ್ನೆಲ್ಲ ಹೆಕ್ಕಿ ಮಡಿಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದು "ನಡಿ" ಅಂದಳು. ಅವನ ತಾಯಿ ಮದ್ದಲೇನಾ. ನನ್ನ ಅತ್ತೆ ಅಂತೆ.

ಜೂನ್ 16, ಭಾನುವಾರ

ಮುದುಕಿಗೆ ಒಂದೇ ಪ್ರಶ್ನೆ.

"ಹಾಸುಬಟ್ಟೆ ತಂದಿದ್ದೀಯಾ?"

"ಪೆಟ್ಟಿಗೇಲಿದೆ ಅತ್ತೆ."

"ಪೆಟ್ಟಿಗೆ ಎಲ್ಲಿದೆ?"

"ಹಡಗಲ್ಲಿ."

"ಹಡಗು ಎಲ್ಲಿದೆ?"

"ನಿಮ್ಮ ಕಿಟಕೀಲೇ ಕಾಣ್ತಿದೆಯಲ್ಲ!"

"ಹಾಸಿಲ್ಲದ ಸೊಸೆ, ಬಲೆಯಿಲ್ಲದ ದೋಣಿ," ಅಂದು ಬೆನ್ನು ತಿರುಗಿಸಿದಳು. ದೋಣಿಯ ಮಾತು ಬಂದರೆ ಅವಳಿಗೂ ಉರಿಯುತ್ತದೆ. ಮಗನ ಜೊತೆ ದೋಣಿಯನ್ನೂ ಸರ್ಕಾರ ತೆಗೆದುಕೊಂಡು ಹೋಗಿದೆ. ಈಗ ಊರವರ ಹರಿದ ಬಲೆ ಹೊಲಿದು ಹೊಟ್ಟೆ ಹೊರೆಯುತ್ತಾಳೆ.

ಅವಳು ಕೇಳುವುದು ಯಾವುದೋ ಹಾಸುಬಟ್ಟೆಯಲ್ಲ. ಮೊದಲ ರಾತ್ರಿಯದು. ಮಾರನೆಯ ಬೆಳಿಗ್ಗೆ ಅದನ್ನು ಅತ್ತೆಯಾದವಳು ಬೀದಿಗೆ ಕಾಣುವ ಹಾಗೆ ಹರವುತ್ತಾಳೆ. ಅದರ ಮೇಲಿನ ಕೆಂಪು ಕಲೆ ನೋಡಿದ ಮೇಲೆ ಸೊಸೆ ಮನೆಯವಳು. ಅಮ್ಮ ನನಗೋಸ್ಕರ ನಾರಿನ ನೂಲಿನಲ್ಲಿ ನೇಯಿಸಿ, ಮೂಲೆಯಲ್ಲಿ ಕೆಂಪು ದಾರದಿಂದ ನನ್ನ ಹೆಸರಿನ ಅಕ್ಷರ ಹೊಲಿದಳು. ಕೊರ್ರಾದಾ ಮಿನೆರ್ವಿನಿ, ಸಿ ಮತ್ತು ಎಂ. ಅಮ್ಮನಿಗೆ ಓದು ಬರದು. ಕೆಮ್ಮಿಕೊಂಡೇ ಹೊಲಿದಳು. ಮಾದರಿಯ ಚೀಟಿ ಯಾವಾಗ ತಿರುಗಿತೋ, ಎಂ ತಲೆಕೆಳಗಾಗಿ ಡಬ್ಲ್ಯು ಆಯಿತು. ನಾನು ನಕ್ಕೆ. ಬಿಚ್ಚಿ ಹೊಲಿ ಅಂದೆ. ಚಿಕ್ಕಪ್ಪ ತಡೆದ. "ಬಿಡೇ ಹುಡುಗಿ, ಒಳ್ಳೇದೇ ಆಯ್ತು. ಗೋಡೆ ಮೇಲೆ ಆ ಅಕ್ಷರ ಬರೆದರೆ ನಮ್ಮಲ್ಲಿ ಏನರ್ಥ? ಬಾಳಲಿ ಅಂತ ತಾನೇ? ಕೊರ್ರಾದಾ ಬಾಳಲಿ!" ನಿಜ, ನಮ್ಮೂರಲ್ಲಿ ಮದುವೆ ಮನೆಯ ಗೋಡೆಗೂ ಚುನಾವಣೆಯ ಗೋಡೆಗೂ ಅದೇ ಅಕ್ಷರ. ಅಮ್ಮ ಹೋದ ಮೇಲೆ ಅದನ್ನು ಮುಟ್ಟಲು ನನಗೇ ಮನಸ್ಸಾಗಲಿಲ್ಲ.

ಇವತ್ತು ಪ್ರಾರ್ಥನೆಯ ನಂತರ ಪಾದ್ರಿಯವರನ್ನು ಕೇಳಿದೆ. ಗಂಡ ಹೆಂಡತಿ ಕೂಡಿ ಬಾಳದ ಮದುವೆಯನ್ನು ರೋಮಿಗೆ ಬರೆದು ಬಿಡಿಸಬಹುದಂತೆ. ಸರಿ ಹಾಗಾದರೆ. ಪೆಟ್ಟಿಗೆ ಸಿಕ್ಕ ದಿನ ಬಿಡುಗಡೆಗೆ ಬರೆಸುತ್ತೇನೆ, ದಾರಿ ತೆರೆದ ದಿನ ಊರಿಗೆ ಹೊರಡುತ್ತೇನೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬರುವವರೆಗೆ ಕಾಯಲು ನಾನಿಲ್ಲಿ ಇರುವುದಿಲ್ಲ.

ಜುಲೈ 9

ಹಡಗಿಗೆ ಬೂದು ಬಣ್ಣ ಬಳಿಯುತ್ತಿದ್ದಾರೆ. ಬೆಳ್ಳಗೆ ಹಂಸದ ಹಾಗಿದ್ದದ್ದು ಈಗ ಪಾತ್ರೆ ತೊಳೆದ ನೀರಿನ ಬಣ್ಣ. ಕುಣಿತದ ಹಾಲಿನ ತೂಗುದೀಪ, ಕನ್ನಡಿ, ಪಿಯಾನೋ ಎಲ್ಲ ಹಗ್ಗ ಕಟ್ಟಿ ಇಳಿಸಿದರು. ಪಿಯಾನೋ ಇಳಿದರೆ ನನ್ನ ಪೆಟ್ಟಿಗೆ ಯಾಕೆ ಇಳಿಯಬಾರದು? ಹೋಗಿ ಕಾವಲಿನವನನ್ನು ಕೇಳಿದೆ. ಅವನಿಗೆ ನನ್ನ ಮಾತು ತಿಳಿಯಲಿಲ್ಲ, ನನಗೆ ಅವನದು ತಿಳಿಯಲಿಲ್ಲ. ಕೈಯಲ್ಲೇ ಪೆಟ್ಟಿಗೆ ಬರೆದು ತೋರಿಸಿದೆ. ಹೆಣದ ಪೆಟ್ಟಿಗೆ ಅಂದುಕೊಂಡನೋ ಏನೋ, ಟೋಪಿ ತೆಗೆದ.

ಮೂತಿಯ ಮೇಲೆ ಹೊಸ ಹೆಸರು: ಕರಂಡಾ. ಇನ್ನು ಅದು ಸೈನಿಕರನ್ನು ಹೊರುವ ಹಡಗು. ಮದುವೆಯಲ್ಲಿ ನನ್ನದನ್ನು ಬದಲಾಯಿಸಿದ ಹಾಗೇ ಅದರ ಹೆಸರನ್ನೂ ಕೇಳದೆ ಬದಲಾಯಿಸಿದರು.

ಅಕ್ಟೋಬರ್ 3

ಹಡಗು ಹೋಯಿತು. ಸೈನಿಕರು ಕಟಕಟೆಗೆ ಜೋತುಬಿದ್ದು ಕೂಗುತ್ತಿದ್ದರು, ಕಟ್ಟೆಯ ಮೇಲೆ ತಾಯಂದಿರು ಅಳುತ್ತಿದ್ದರು. ನಾನೂ ಅತ್ತುಬಿಟ್ಟೆ. ಪಕ್ಕದವಳೊಬ್ಬಳು ನನ್ನ ಬೆನ್ನು ಸವರಿ ಏನೋ ಕೇಳಿದಳು, ನಿನ್ನವನೂ ಹೋದನಾ ಅಂತ ಇರಬೇಕು. ತಲೆಯಾಡಿಸಿದೆ. ಪೆಟ್ಟಿಗೆ ಅಂತ ಹೇಳುವುದು ಹೇಗೆ?

ನಾಳೆಯಿಂದ ಕೆಲಸ. ಮಿಸೆಸ್ ಟ್ರೆಲೋರ್ ಅನ್ನುವವಳ ಬಟ್ಟೆ ಒಗೆಯುವ ಕಾರ್ಖಾನೆ. ಮನೆಯಲ್ಲಿ ಮುದುಕಿಯ ಮುಖ ನೋಡಿಕೊಂಡು ಕೂರುವುದಕ್ಕಿಂತ ಬೇರೆಯವರ ಕೊಳೆ ವಾಸಿ.

1941 ಫೆಬ್ರವರಿ 9

ನನ್ನ ಹೆಸರಿನ ಸಂತನ ಹಬ್ಬ. ಊರಲ್ಲಿ ಈಗ ಚಳಿ, ಇಲ್ಲಿ ತಗಡಿನ ಮೇಲೆ ಮೊಟ್ಟೆ ಬೇಯುವಷ್ಟು ಬಿಸಿಲು. ಸಂತರಿಗೂ ಇಲ್ಲಿ ದಿಕ್ಕು ತಪ್ಪುತ್ತದೆ.

ಸೆರೆ ಶಿಬಿರದಿಂದ ಒಂದು ಚೀಲ ಬಂತು. ಸವೇರಿಯೋ ಕೆಂಪು ಮರ ಕೆತ್ತಿ ಬಟ್ಟೆ ಒಣಗಿಸುವ ಕ್ಲಿಪ್ಪು ಮಾಡಿ ಕಳಿಸಿದ್ದಾನೆ. ನಾನು ಬಟ್ಟೆ ಒಗೆಯುತ್ತೇನೆ ಅಂತ ಅತ್ತೆ ಹೇಳಿ ಕಳಿಸಿದ್ದಾಳೆ. ಹೆಂಡತಿಗೆ ಕೊಡುವ ಮೊದಲ ಉಡುಗೊರೆಯೇ ಇದು! ಅದೂ ಎಷ್ಟು ಬಿಗಿ ಅಂದರೆ ಬೆರಳು ಕಚ್ಚುತ್ತವೆ.

"ನಿಮ್ಮ ಮಗನ ಕ್ಲಿಪ್ಪು ಏಡಿ ಇದ್ದ ಹಾಗಿದೆ," ಅಂದೆ.

"ಅವನೂ ಹಾಗೇ. ಹಿಡಿದರೆ ಬಿಡಲ್ಲ," ಅಂದಳು. ಹಾಗಂತ ನಕ್ಕಳು. ಬಾಯಲ್ಲಿ ಮುಂದಿನ ಹಲ್ಲು ಒಂದಿಲ್ಲ ಅನ್ನುವುದು ಇವತ್ತೇ ಗೊತ್ತಾದದ್ದು.

ಜೂನ್ 27

ಮಿಸೆಸ್ ಟ್ರೆಲೋರ್ ಇಷ್ಟು ದಿನ ಸೈನ್ಯದ ಬಟ್ಟೆ ನನ್ನ ಕೈಗೆ ಕೊಟ್ಟವಳಲ್ಲ. "ಅದನ್ನ ಮುಟ್ಟಬೇಡ ಕೋರಾ, ನಿಮ್ಮ ಜನ ನಮ್ಮ ಹುಡುಗರಿಗೆ ಗುಂಡು ಹೊಡೀತಿದ್ದಾರೆ," ಅನ್ನುವಳು. ಕೊರ್ರಾದಾ ಅನ್ನಲು ನಾಲಿಗೆ ಹೊರಳದು, ಗುಂಡಿನ ಮಾತಿಗೆ ಚೆನ್ನಾಗಿ ಹೊರಳುತ್ತದೆ. ಇವತ್ತು ಇಬ್ಬರು ಕೆಲಸ ಬಿಟ್ಟು ಮದ್ದುಗುಂಡಿನ ಕಾರ್ಖಾನೆಗೆ ಹೋದರು. ಮಧ್ಯಾಹ್ನದಿಂದ ಸೈನ್ಯದ ಗಂಟೆಲ್ಲ ನನ್ನ ಮುಂದೆ.

ಮಿಸೆಸ್ ಟ್ರೆಲೋರಳ ಮಗ ಲೆಸ್ ಕೂಡ ಕರಂಡಾ ಹಡಗು ಹತ್ತಿಯೇ ಹೋದವನು. ಹೇಳುವಾಗ ಇಸ್ತ್ರಿಪೆಟ್ಟಿಗೆ ಹಾಗೇ ಇಟ್ಟುಬಿಟ್ಟಳು, ಅಂಗಿ ಸುಟ್ಟಿತು. ನಾನು ಸರಿಸಿದೆ. ಬೈಯಲಿಲ್ಲ.

ಡಿಸೆಂಬರ್ 14

ಹಡಗು ಕೂಗಿದಾಗಲೆಲ್ಲ ದಿಬ್ಬದ ಮೇಲೆ ಓಡುತ್ತೇನೆ. ಇವತ್ತೂ ಓಡಿದೆ, ಬೇರೆ ಯಾವುದೋ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮದುವೆಯಾದವಳೂ ಅಲ್ಲ, ಆಗದವಳೂ ಅಲ್ಲ. ವಾರಕ್ಕೊಮ್ಮೆ ಪೊಲೀಸ್ ಠಾಣೆಗೆ ಹೋಗಿ ಮುಖ ತೋರಿಸಬೇಕು, ನಾನೇನೋ ದೇಶ ಸುಡುವವಳು ಅನ್ನುವಂತೆ. ಬೆಂಕಿಕಡ್ಡಿಗೇ ಗತಿಯಿಲ್ಲ.

ಮುದುಕಿ ಕೆಮ್ಮುತ್ತಿದ್ದಾಳೆ. ಸಾರು ಮಾಡಿಟ್ಟೆ. ಉಪ್ಪು ಕಡಿಮೆ ಅಂದಳು, ಪಾತ್ರೆ ಮಾತ್ರ ನೆಕ್ಕಿ ಇಟ್ಟಳು.

1942 ಮಾರ್ಚ್ 20

ಸಿಕ್ಕಿತು. ಸುಟ್ಟ ಮಣಿಕಟ್ಟಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ, ಅಮ್ಮನದೂ ಆಗಿತ್ತು.

ಕರಂಡಾ ಗಾಯಾಳುಗಳನ್ನು ಹೊತ್ತು ಬಂದಿದೆ. ಬೆಳಿಗ್ಗೆ ಅದರ ಗಂಟುಗಳು ನಮ್ಮಲ್ಲಿಗೆ ಬಂದವು. ಕೆಲವು ರಕ್ತ ಒಣಗಿ ಹಲಗೆಯ ಹಾಗಾಗಿದ್ದವು. ನಾನೂ ಡಾಟ್ ಅನ್ನುವ ಹುಡುಗಿಯೂ ಬಿಚ್ಚುತ್ತಿದ್ದೆವು. ತೆಳ್ಳನೆಯ ಹತ್ತಿ ಬಟ್ಟೆಯ ನಡುವೆ ಕೈಗೆ ದಪ್ಪ ನೂಲು ಸಿಕ್ಕಿತು. ನೋಡುವ ಮೊದಲೇ ಕೈಗೆ ಗೊತ್ತಾಯಿತು. ಅಷ್ಟರಲ್ಲಿ ಡಾಟ್ ಅದರ ಇನ್ನೊಂದು ತುದಿಯನ್ನು ಕುದಿಯುವ ಹಂಡೆಗೆ ಹಾಕಲು ಹೋದಳು.

"ತಣ್ಣೀರು! ತಣ್ಣೀರು!" ಅಂತ ಕಿರುಚಿದೆ. ರಕ್ತಕ್ಕೆ ಬಿಸಿನೀರು ತಗುಲಿದರೆ ಕಲೆ ಜನ್ಮಕ್ಕೆ ಹೋಗುವುದಿಲ್ಲ. ಎಳೆದುಕೊಳ್ಳುವಾಗ ಮಣಿಕಟ್ಟು ಸುಟ್ಟಿತು. ಮೂಲೆ ಹುಡುಕಿದೆ. ಕೆಂಪು ದಾರದ ಸಿ, ಪಕ್ಕದಲ್ಲಿ ತಲೆಕೆಳಗಾದ ಎಂ. ನಡುವೆ ಒಬ್ಬ ಗಂಡಸಿನ ಬೆನ್ನಿನಷ್ಟು ಅಗಲ ರಕ್ತ.

"ಡಾಟ್, ಇದು ನಂದು."

"ಯಾವ ಲೆಕ್ಕದಲ್ಲಿ ನಿಂದೇ? ಗುರುತು ನೋಡು. ಸಿ ಡಬ್ಲ್ಯು. ಕ್ಯಾಶುವಾಲ್ಟಿ ವಾರ್ಡ್. ಹಡಗಿನ ಆಸ್ಪತ್ರೇದು."

"ಅದು ಡಬ್ಲ್ಯು ಅಲ್ಲ, ಎಂ. ತಲೆಕೆಳಗಾಗಿದೆ."

"ನಿನ್ನ ತಲೆ ಕೆಳಗಾಗಿದೆ!"

ಆಗ ತಿಳಿಯಿತು. ಯಾರೋ ಪೆಟ್ಟಿಗೆ ಒಡೆದಿದ್ದಾರೆ, ಅಕ್ಷರ ನೋಡಿ ವಾರ್ಡಿನದೇ ಅಂದುಕೊಂಡಿದ್ದಾರೆ. ಉಳಿದದ್ದೆಲ್ಲ ಯಾರ ಮನೆ ಸೇರಿತೋ. ಅಮ್ಮನ ತಪ್ಪಿನಿಂದ ಇದೊಂದು ಉಳಿದಿದೆ.

ಉಪ್ಪು ಹಾಕಿ ತಣ್ಣೀರಿನಲ್ಲಿ ಉಜ್ಜಿದೆ. ಸಂಜೆ ಒದ್ದೆಯನ್ನೇ ಸೊಂಟಕ್ಕೆ ಸುತ್ತಿ ಮೇಲೆ ಕೋಟು ಹಾಕಿಕೊಂಡೆ. ಸಿಕ್ಕಿಬಿದ್ದರೆ ಸೈನ್ಯದ ಸಾಮಾನು ಕದ್ದ ಶತ್ರು ಹೆಂಗಸು ನಾನು, ನೇರ ಸೆರೆಮನೆ. ಬಾಗಿಲಲ್ಲಿ ಡಾಟ್ ಎದುರಾದಳು.

"ಏನೇ ಕೋರಾ, ಗಂಡ ಶಿಬಿರದಲ್ಲಿ, ನಿನಗೆ ಇಲ್ಲಿ ಹೊಟ್ಟೆ ಬಂದಿದೆ! ಪವಾಡ ಕಣೇ!"

ಅವಳು ನನ್ನ ಕೋಟಿನ ಬಿಚ್ಚಿದ್ದ ಗುಂಡಿ ಹಾಕಿ, "ಹೋಗು, ಬಸುರಿ ಹೆಂಗಸು ಹೊರಗೆ ನಿಲ್ಲಬಾರದು," ಅಂದಳು.

ಮಾರ್ಚ್ 21

ಅತ್ತೆ ಹಾಸನ್ನು ಮೇಜಿನ ಮೇಲೆ ಹರವಿದಳು. ಎಷ್ಟು ಉಜ್ಜಿದರೂ ಕಲೆಯ ಕಂದು ನೆರಳು ಹಾಗೇ ಇದೆ. ಬಹಳ ಹೊತ್ತು ನೋಡಿದಳು.

"ಎಷ್ಟು ದಿನದಿಂದ ಕೇಳಿದೆ ಇದನ್ನ. ಬಂತು ನೋಡು, ರಕ್ತ ಹೊತ್ಕೊಂಡೇ ಬಂತು. ಬೀದಿಗೆ ಹಾಕೋಣ್ವಾ?"

ಕುಹಕಕ್ಕೆ ಹೇಳಿದ್ದು. ಆದರೆ ಹೇಳಿದವಳೇ ಕುರ್ಚಿಯಲ್ಲಿ ಕುಸಿದು ಕಲೆಯ ಮೇಲೆ ಅಂಗೈ ಇಟ್ಟಳು. "ಯಾರ ಮಗನೋ. ಎಷ್ಟು ಅಗಲ ನೋಡೇ. ಬದುಕಿದ್ದಾನೋ ಇಲ್ವೋ." ಆಮೇಲೆ, "ನಂದು ಬೇಲಿ ಒಳಗಿದೆ, ಆದರೂ ಉಸಿರಾಡ್ತಿದೆ. ದೇವರು ದೊಡ್ಡವನು," ಅಂದು ಅತ್ತಳು. ಅವಳು ಅಳುವುದನ್ನು ನೋಡಲಾಗದೆ ನೀರು ತರಲು ಹೋದೆ. ಬಾವಿಯ ಹತ್ತಿರ ನಾನೂ ಅತ್ತುಬಿಟ್ಟೆ.

ಮೂಲೆಯ ಅಕ್ಷರ ತಡವಿ ಇದೇನು ಅಂದಳು. ಹೇಳಿದೆ. "ಓದು ಬಾರದವಳ ಕೈ! ನಾನು ಹೊಲಿದಿದ್ರೆ ಸಿ ಕೂಡ ಮಲಗಿರ್ತಿತ್ತು," ಅಂತ ಕಣ್ಣೊರೆಸಿಕೊಂಡು ನಕ್ಕಳು. "ನನ್ನ ಪೆಟ್ಟಿಗೆ ತಳಕ್ಕೆ ಹಾಕಿಡು. ಇನ್ನು ಇದನ್ನ ಯಾರಿಗೂ ಕೊಡಬೇಡ."

ನನಗೆ ಬೇಕಾದದ್ದು ಸಿಕ್ಕಿತು. ಇನ್ನು ರೋಮಿಗೆ ಬರೆಸುವುದೊಂದೇ ಬಾಕಿ. ನಾಳೆ ಪಾದ್ರಿಯವರಿಗೆ ಹೇಳುತ್ತೇನೆ.

ಮಾರ್ಚ್ 22, ಭಾನುವಾರ

ಹೇಳಲಿಲ್ಲ. ಪಾದ್ರಿಯವರ ಸುತ್ತ ಜನ ಇದ್ದರು. ಗಂಟಲೂ ನೋಯುತ್ತಿತ್ತು.

ಮಾರ್ಚ್ 23

ಲೆಸ್ ಹಡಗಿನಿಂದ ಇಳಿದಿದ್ದಾನೆ. ಒಂದು ಕಾಲಿಲ್ಲ. ಮಿಸೆಸ್ ಟ್ರೆಲೋರ್ ಕೆಲಸಕ್ಕೆ ಬಂದಳು, ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದಂತೆ. ನನ್ನ ಪಕ್ಕದಲ್ಲೇ ಬಟ್ಟೆ ಹಿಂಡುತ್ತ ತನ್ನಷ್ಟಕ್ಕೆ ಮಾತಾಡಿದಳು.

"ಹಾಸೋಕೆ ಬಟ್ಟೆ ಸಾಲಲಿಲ್ಲವಂತೆ ಕೋರಾ. ಗಾಯ ಆದ ಹುಡುಗರು ಬರೀ ಕ್ಯಾನ್ವಾಸ್ ಮೇಲೆ. ಬೆನ್ನಿನ ಚರ್ಮ ಅಂಟಿಕೊಂಡು ಕಿತ್ತು ಬರ್ತಿತ್ತಂತೆ. ಒಬ್ಬರದ್ದು ತೆಗೆದು ಇನ್ನೊಬ್ಬರಿಗೆ, ಸರದಿ ಪ್ರಕಾರ."

"ಲೆಸ್‌ಗೆ ಸಿಕ್ಕಿತ್ತಾ?"

"ಸಿಕ್ಕಿತ್ತಂತೆ. ಎರಡು ದಿನ."

ಲೆಸ್ ಮಲಗಿದ್ದು ನನ್ನದರ ಮೇಲೇ ಅಂತ ಏನೂ ಇಲ್ಲ. ಅಲ್ಲಿ ಬೇರೆ ಹಾಸುಗಳೂ ಇದ್ದಾವು. ಯಾಕೋ ಇಡೀ ದಿನ ಸೊಂಟದ ಸುತ್ತ ಒದ್ದೆ ಒದ್ದೆ ಅನ್ನಿಸಿತು, ಇವತ್ತು ಹಾಸನ್ನು ಕಟ್ಟಿಕೊಂಡಿರಲೇ ಇಲ್ಲ.

ಮಾರ್ಚ್ 24

ಬೆಳಿಗ್ಗೆ ಹಾಸನ್ನು ಮಡಚಿ ಚೀಲಕ್ಕೆ ಹಾಕುವಾಗ ಅತ್ತೆ ನೋಡಿದಳು.

"ಎಲ್ಲಿಗೆ?"

"ಹಡಗಿಗೆ. ನಾಳೆ ಗಂಟು ವಾಪಸ್ ಹೋಗುತ್ತೆ."

"ಹುಚ್ಚು ಹಿಡಿದಿದ್ಯೇನೇ? ನಿಮ್ಮಮ್ಮ ಸಾಯ್ತಾ ಸಾಯ್ತಾ ಹೊಲಿದದ್ದು! ನನ್ನ ಮಗನ್ನ ಹಿಡ್ಕೊಂಡು ಹೋದವರಿಗೆ, ದೋಣಿ ಕಿತ್ಕೊಂಡವರಿಗೆ, ಹಾಸು ಬೇರೆ ಕೊಡ್ತೀಯಾ? ನಾಳೆ ಅವನು ಬಂದರೆ ಯಾವುದರ ಮೇಲೆ ಮಲಗಿಸ್ತೀಯಾ?"

"ಅವರಿಗೆ ಅಲ್ಲ ಅತ್ತೆ. ಬೆನ್ನಿಗೆ."

"ಯಾರ ಬೆನ್ನಿಗೆ?"

"ಗೊತ್ತಿಲ್ಲ. ಅದರ ಮೇಲೆ ಬಾಳಲಿ ಅಂತ ಬರೆದಿದೆ. ಪೆಟ್ಟಿಗೆ ತಳದಲ್ಲಿಟ್ಟರೆ ಯಾರು ಬಾಳ್ತಾರೆ? ಜಿರಳೆ."

ಅವಳು ಚೀಲ ಕಿತ್ತುಕೊಂಡಳು. ಮುಗಿಯಿತು, ಕೊಡುವುದಿಲ್ಲ ಅಂದುಕೊಂಡೆ. ಹೋಗಿ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿದಳು. "ಮುದುಡಿದ ಬಟ್ಟೆ ಕಳಿಸಿದರೆ ಮೊಲ್ಫೆತ್ತಾದ ಹೆಂಗಸರಿಗೆ ಮಡಚೋಕೂ ಬರಲ್ಲ ಅಂತಾರೆ." ಅಂಚಿನಲ್ಲಿ ಹರಿದಿದ್ದನ್ನು ಬಲೆಯ ಗಂಟು ಹಾಕಿ ಹೊಲಿದಳು, ಅದು ಇನ್ನು ಎಂದೂ ಬಿಚ್ಚದು.

ಕಾರ್ಖಾನೆಯಲ್ಲಿ ಹಾಸನ್ನು ವಾರ್ಡಿನ ಗಂಟಿಗೆ ಸೇರಿಸುವಾಗ ಡಾಟ್ ನನ್ನ ಹೊಟ್ಟೆ ನೋಡಿ, "ಹೆರಿಗೆ ಆಯ್ತಾ?" ಅಂದಳು.

"ಆಯ್ತು," ಅಂದೆ.

ಸೆಪ್ಟೆಂಬರ್ 5

ಹಾಸು ಬಂತು. ನೂಲು ಸವೆದಿದೆ. ಯಾರೋ ಎಡಗಡೆ ತೇಪೆ ಹಾಕಿದ್ದಾರೆ, ಕೋತಿ ಹೊಲಿದ ಹಾಗೆ. ಬಿಚ್ಚಿ ಸರಿಯಾಗಿ ಹಾಕಿದೆ. ಹೊಸ ಕಲೆ ಸಣ್ಣದು, ಬದುಕಿರುತ್ತಾನೆ. ಮಿಸೆಸ್ ಟ್ರೆಲೋರ್ ನೋಡಿ, "ಇದನ್ನ ಮಾತ್ರ ಯಾಕೆ ಇಷ್ಟು ಮುದ್ದು ಮಾಡ್ತೀಯ ಕೊರಾದಾ?" ಅಂದಳು. ನೂಲು ಒಳ್ಳೆಯದು ಅಂದೆ. ಸವೇರಿಯೋನ ಕ್ಲಿಪ್ಪು ಹಾಕಿ ಒಣಗಿಸಿದೆ. ಸಮುದ್ರದ ಗಾಳಿಗೆ ಬೇರೆ ಕ್ಲಿಪ್ಪೆಲ್ಲ ಹಾರಿಹೋಗುತ್ತವೆ, ಅವನವು ಹೋಗುವುದಿಲ್ಲ.

1943 ನವೆಂಬರ್ 10

ಇಟಲಿ ಶರಣಾಗಿ ಎರಡು ತಿಂಗಳು. ನಮ್ಮವರನ್ನು ಒಬ್ಬೊಬ್ಬರಾಗಿ ಬಿಡುತ್ತಿದ್ದಾರೆ. ಸವೇರಿಯೋ ಭಾನುವಾರ ಬರುತ್ತಾನಂತೆ.

ಅತ್ತೆ ಹಿಟ್ಟಿನ ಚೀಲ ಬಿಚ್ಚಿ, ಕುದಿಸಿ, ಜೋಡಿಸಿ ಹಾಸುಬಟ್ಟೆ ಮಾಡಿದ್ದಾಳೆ. ಗಿರಣಿಯ ಮುದ್ರೆ ಪೂರ್ತಿ ಹೋಗಿಲ್ಲ, ಒಂದು ಕಡೆ ಗೋಧಿ ತೆನೆ ಕಾಣುತ್ತದೆ. ಮೂಲೆಯಲ್ಲಿ ಅಕ್ಷರ ಹಾಕು ಅಂದಳು. ನಾನು ಓದಿದವಳು. ಆದರೂ ಹೊಲಿದು ಮುಗಿಸಿ ನೋಡಿದರೆ ಎಂ ತಲೆಕೆಳಗಾಗಿದೆ. ಬಿಚ್ಚಲು ಪುರುಸೊತ್ತಿಲ್ಲ, ಮೀನಿಗೆ ಉಪ್ಪು ಹಾಕುವುದಿದೆ, ಬಾಗಿಲಿಗೆ ಬಣ್ಣ ಬಳಿಯುವುದಿದೆ.

ಅವನು ಬಂದ ಕೂಡಲೇ ಬಿಡುಗಡೆಯ ವಿಷಯ ಹೇಳಿಬಿಡಬೇಕು. ಮೊದಲು ಬಾಗಿಲು ಒಣಗಲಿ.

ನವೆಂಬರ್ 14, ಭಾನುವಾರ

ಮಧ್ಯಾಹ್ನ ಬಂದ. ಅದೇ ಕೋಟು, ಒಳಗೆ ಮನುಷ್ಯ ಅರ್ಧ. ಕೂದಲು ನರೆತಿದೆ. ಬಾಗಿಲ ಹೊರಗೇ ನಿಂತ. ಹೊಸ ಬಣ್ಣ ಮುಟ್ಟಬಾರದು ಅಂತಲೋ, ಒಳಗೆ ಬರಬಹುದೋ ಬಾರದೋ ಅಂತಲೋ. ತಾಯಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೈದಳು, ಮುತ್ತಿಟ್ಟಳು, ಮತ್ತೆ ಬೈದಳು. ನಾನು ಮೇಜಿನ ಹಿಂದೆ ನಿಂತಿದ್ದೆ.

ಅವನು ನನ್ನನ್ನು ನೋಡದೆ ಟೋಪಿ ನೋಡಿಕೊಂಡೇ ಮಾತಾಡಿದ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನೆಂದು ಗೊತ್ತಾಗುತ್ತಿತ್ತು.

"ಶಿಬಿರದಲ್ಲಿ ಪಾದ್ರಿ ಹೇಳಿದರು. ನಮ್ಮಂಥ ಮದುವೆ ಬಿಡಿಸಬಹುದಂತೆ. ನಿನ್ನ ವಯಸ್ಸೆಲ್ಲ ಇಲ್ಲೇ ಹಾಳಾಯ್ತು. ಯುದ್ಧ ಮುಗಿದ ಮೇಲೆ ಊರಿಗೆ ಹೋಗ್ತೀನಿ ಅಂದರೆ ಕಳಿಸಿಕೊಡ್ತೀನಿ. ಬೇಜಾರಿಲ್ಲ. ಸ್ವಲ್ಪ ಇದೆ. ಆದರೂ ಕಳಿಸ್ತೀನಿ."

ನಾನು ಹೇಳಬೇಕಾದದ್ದನ್ನೆಲ್ಲ ಅವನೇ ಹೇಳಿ ಮುಗಿಸಿದ್ದ. ಅತ್ತೆ ಕೈಯಲ್ಲಿದ್ದ ಸೌಟು ಹಿಡಿದು ಹಾಗೇ ನಿಂತಿದ್ದಳು. ಆಮೇಲೆ, ಬಾಯಿಪಾಠ ಮುಗಿದು ಬೇರೆ ಮಾತೇ ಉಳಿಯದವನ ಹಾಗೆ, ಕೇಳಿದ:

"ಊಟ ಮಾಡಿದ್ಯಾ?"

"ಇಲ್ಲ," ಅಂದೆ. "ಕಾಯ್ತಾ ಇದ್ದೆ."

ಮೂವರೂ ಕೂತೆವು. ನಾನು ಮೀನು ಬಡಿಸುತ್ತಿದ್ದೆ. ಬಂದರಿನ ಕಡೆಯಿಂದ ಹಡಗು ಕೂಗಿತು, ಉದ್ದವಾಗಿ, ಎರಡು ಸಲ.

"ಕರಂಡಾ ಇರಬೇಕು ಕಣೇ," ಅಂದಳು ಅತ್ತೆ, ನನ್ನ ಮುಖವನ್ನೇ ನೋಡುತ್ತ. "ದಿಬ್ಬಕ್ಕೆ ಹೋಗಲ್ವಾ?"

ಮೀನು ಆರಿಹೋಗುತ್ತೆ ಅಂದೆ.